ಹಿಂದಿನ ಸೀಟಿನ ವಾಸನೆ

ನನಗೊಂದು ಸಣ್ಣ ಚಿಂತೆಯಿದೆ. ಡೈರಿಯಲ್ಲಿ ಕೂಡ ಅದನ್ನು ಪೆನ್ಸಿಲಿನಲ್ಲೇ ಬರೆದಿದ್ದೇನೆ, ಬೇಕೆಂದಾಗ ಅಳಿಸಬಹುದು ಅಂತ. ನನ್ನ ಮೂಗು ನಮ್ಮ ಮನೆಯವರ ಮೂಗಿನ ಹಾಗಿಲ್ಲ.

ರಾಮನಗರದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಮುಂದೆ ಮನೆ, ಹಿಂದೆ ಶೆಡ್ಡು. ಬಿಸಿನೀರಿನಲ್ಲಿ ಗೂಡು ಬೇಯುತ್ತದೆ, ನೂಲು ಬಿಚ್ಚಿಕೊಳ್ಳುತ್ತದೆ, ಬೆಂದ ಹುಳ ಬುಟ್ಟಿಗೆ ಬೀಳುತ್ತದೆ. ಆ ವಾಸನೆಯಲ್ಲೇ ಹುಟ್ಟಿ ಬೆಳೆದ ನನಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಡಿಗ್ರಿ ಓದಲು ಮೈಸೂರಿನ ಹಾಸ್ಟೆಲಿಗೆ ಹೋಗಿ, ಮೊದಲ ರಜೆಗೆ ವಾಪಸ್ ಬಂದ ದಿನ, ಬಾಗಿಲಲ್ಲೇ, ನನಗೇ ತಿಳಿಯದೆ ದುಪಟ್ಟಾ ಮೂಗಿಗೆ ಹೋಯಿತು. ಶೆಡ್ಡಿನಿಂದ ನಗುತ್ತಾ ಬರುತ್ತಿದ್ದ ಅಪ್ಪ ಅದನ್ನು ನೋಡಿದರು. ಅಲ್ಲಿಂದಾಚೆಗೆ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳದೆ ಅವರು ನನ್ನ ಪಕ್ಕ ಕೂತಿಲ್ಲ.

"ಮೈಸೂರು ಮೂಗು ಬಂತು ಕಣ್ರಪ್ಪೋ, ಕಿಟ್ಕಿ ತಗೀರಿ" ಅಂತ ಅಮ್ಮನ ತಮ್ಮ ಸ್ವಾಮಿ ಮಾವ ರೇಗಿಸುತ್ತಾನೆ. ಎಲ್ಲರೂ ನಗುತ್ತಾರೆ, ಅಪ್ಪನೂ. ಹೀಗಾಗಿ ವಾಸನೆ ಅನ್ನುವ ಪದವನ್ನೇ ನಾನು ಮನೆಯಲ್ಲಿ ಆಡುವುದೇ ಇಲ್ಲ. ಸಾರು ಹಳಸಿದ್ದರೂ ಸುಮ್ಮನೆ ತಟ್ಟೆಯ ಅಂಚಿಗೆ ಸರಿಸುತ್ತೇನೆ.

ಈಗ ಮಾಗಡಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿದೆ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ. ಅಪ್ಪ ಬೇಡ ಅನ್ನಲಿಲ್ಲ. ಓಡಾಡೋದಕ್ಕೆ ಹಳೇದೊಂದು ಸಣ್ಣ ಕಾರು ತೆಗೆದುಕೊಡುತ್ತೇನೆ ಎಂದರು. ಅದಕ್ಕೊಂದು ಬಾಲವೂ ಇತ್ತು.

"ಗಾಡಿ ಒಂದಿನ ಆ ಮಾಗಡಿ ಕಾಡ್ ದಾರೀಲಿ ಕೈಕೊಡ್ತು ಅನ್ನು, ಅವತ್ಗೆ ಕೆಲ್ಸ ಸಾಕು. ಆಮ್ಯಾಕೆ ನಿಮ್ಮಮ್ಮ ನೋಡ್ ಮಡ್ಗಿರೋ ಗಂಡು ಬಂದ್ ನೋಡ್ಕಂಡ್ ಹೋಗ್ಲಿ."

ಅಂದರೆ ಒಂದೇ ಒಂದು ಸಲ. ಬ್ಯಾಟರಿ ಸತ್ತರೂ, ಯಾವುದೋ ವೈರು ಕಿತ್ತರೂ, ನಾನು ಮತ್ತೆ ಶೆಡ್ಡಿನ ಮುಂದಿನ ಕೋಣೆಗೆ, ಅಲ್ಲಿಂದ ಇನ್ಯಾರದೋ ಮನೆಯ ಕೋಣೆಗೆ. ಹಳೇ ಕಾರು ಕೊಳ್ಳುವುದು ಹೇಗೆ ಅನ್ನುವ ವಿಡಿಯೋಗಳನ್ನು ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು ಪಾರಾಯಣದ ಹಾಗೆ ನೋಡಿದೆ.

ಮೊದಲು ನೋಡಿದ್ದು ಕನಕಪುರದಲ್ಲಿ. ವರಲಕ್ಷ್ಮಮ್ಮ ಅನ್ನುವ ರಿಟೈರಾದ ಟೀಚರೊಬ್ಬರ ಬಿಳಿ ಕಾರು. ಬಣ್ಣ ಮಾಸಿತ್ತು, ಬಾಗಿಲ ಮೇಲೆ ಉದ್ದಕ್ಕೊಂದು ಗೀರು. ಅವರು ಯಾರನ್ನೂ ಕೇಳದೆ ಕೀಲಿಯನ್ನು ನನ್ನ ಕೈಗೇ ಇಟ್ಟು, "ಹೋಗು, ಒಂದ್ ಸುತ್ತು ಹೊಡ್ಕೊಂಡ್ ಬಾ" ಎಂದರು. ಕ್ಲಚ್ಚು ಬೆಣ್ಣೆಯಂತಿತ್ತು. ಒಳಗೆ ಹುರಿಗಡಲೆಯ ವಾಸನೆ. ತಿರುಗಿ ಬರುವಷ್ಟರಲ್ಲಿ ಮಾವ ಗಾಡಿಯ ನಂಬರು ಕೂಡಿಸಿ ಮುಗಿಸಿದ್ದ.

"ಕೂಡುದ್ರೆ ಎಂಟು ಬತ್ತದೆ ಭಾವ. ಶನಿ. ಹೆಣ್ ಮಗೀಗೆ ಎಂಟರ ಗಾಡಿ ಕೊಡ್ಸಿಯಾ?"

ಅಮ್ಮ "ಶಿವ ಶಿವಾ" ಎಂದಳು. ಅಲ್ಲಿಗೆ ಬಿಳಿ ಕಾರು ಮುಗಿಯಿತು. ಸ್ವಾಮಿ ಮಾವ ಟೆಂಪೋದಲ್ಲಿ ಗೂಡು ಸಾಗಿಸುವವನು. ಗಾಡಿಯ ವಿಷಯದಲ್ಲಿ ನಮ್ಮ ಮನೆಗೆ ಅವನದೇ ಸುಪ್ರೀಂ ಕೋರ್ಟು.

ಅವನೇ ಹುಡುಕಿದ್ದು ಚನ್ನಪಟ್ಟಣದ ಮುನಿಕೃಷ್ಣನ ಹಳೇ ಕಾರುಗಳ ಅಂಗಳವನ್ನು. ಅಲ್ಲಿತ್ತು ಒಂದು ಕೆಂಪು ಕಾರು. ಬೊಂಬೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ನಂಬರು ಕೂಡಿದರೆ ಆರು. ಸೀಟಿಗೆ ಹೊಸ ಕವರು. ಕನ್ನಡಿಗೊಂದು, ಎಸಿಯ ಬಾಯಿಗೆ ಎರಡು, ಹೀಗೆ ಮೂರು ಸೆಂಟಿನ ಡಬ್ಬಿ ನೇತಾಡುತ್ತಿದ್ದವು.

"ಡಾಕ್ಟ್ರು ಓಡ್ಸಿದ್ ಗಾಡಿ ಸ್ವಾಮಣ್ಣ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ. ಹೊಸ ಮದ್ವಣಗಿತ್ತಿ ಇದ್ದಂಗದೆ."

"ಮದ್ವಣಗಿತ್ತಿಗೆ ಗಂಡ ಎಷ್ಟನೆಯವನ್ಲಾ?" ಎಂದು ಮಾವ ಬಾನೆಟ್ಟು ತಟ್ಟಿದ. ಮುನಿಕೃಷ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ಒಂದು ಸಲ ಓಡಿಸಿ ನೋಡ್ಲಾ?" ಅಂತ ನಾನು ಕೇಳಿದೆ. ಕೇಳಿದೆ ಅಂದುಕೊಂಡಿದ್ದೇನೆ, ಯಾರಿಗೂ ಕೇಳಿಸಲಿಲ್ಲ. ಅಮ್ಮನಿಗೆ ಕೇಳಿಸಿರಬೇಕು, ಮಾವನ ಕಡೆ ನೋಡಿದಳು.

"ಆಮ್ಯಾಕೆ ದಿನಾ ನೀನೇ ಅಲ್ವಾ ಓಡ್ಸೋದು? ಹತ್ತು ಹಿಂದೆ" ಎಂದ ಅವನು. "ದೊಡ್ಡಮಳೂರ್ಗಂಟ ಹೋಗ್ ಬರಣ. ಸ್ವಾಮಿ ದರ್ಶನಾನೂ ಆಯ್ತದೆ, ಅಡ್ವಾನ್ಸೂ ಅಲ್ಲೇ ಕೊಟ್ಬುಡಣ. ದೇವ್ರ ಎದುರ್ಗೆ ಕೊಟ್ಟಿದ್ದು ಕೊಟ್ಟಂಗೆ."

ಸ್ಟಿಯರಿಂಗಿಗೆ ಮಾವ, ಅವನ ಪಕ್ಕ ಮುನಿಕೃಷ್ಣ. ಹಿಂದೆ ಅಪ್ಪ, ನಡುವೆ ಅಮ್ಮ, ಎಡಗಡೆ ಕಿಟಕಿಗೆ ನಾನು. ಬಾಗಿಲು ಹಾಕಿಕೊಂಡಿತು. ಗಾಳಿಗೆ ಗಾಜು ಇಳಿಸೋಣ ಅಂತ ನೋಡಿದರೆ ಗುಂಡಿ ಕೆಲಸ ಮಾಡಲಿಲ್ಲ. ಹಿಡಿ ಎಳೆದೆ, ಬಾಗಿಲೂ ತೆರೆಯಲಿಲ್ಲ.

"ಚೈಲ್ಡ್ ಲಾಕ್ ಕಣಮ್ಮ, ಮಕ್ಳು ಆಚೆ ಬೀಳ್ಬಾರ್ದು ಅಂತ. ಗಾಜೂ ಇಲ್ಲಿಂದ್ಲೇ" ಎಂದ ಮುನಿಕೃಷ್ಣ, ತಿರುಗಿಯೂ ನೋಡದೆ.

ನನಗಾಗಿ ಕೊಳ್ಳುತ್ತಿರುವ ಕಾರಿನಲ್ಲಿ ನನ್ನ ಕೈಗೆ ಸಿಗುವಂಥದ್ದು ಸೀಟ್ ಬೆಲ್ಟ್ ಒಂದೇ ಉಳಿದಿತ್ತು. ಅದನ್ನೇ ಹಿಡಿದೆ. ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು ಅಂತ ವಿಡಿಯೋದಲ್ಲಿ ಹೇಳಿದ್ದರು. ಸೀಟು, ಕಾರ್ಪೆಟ್ಟು ಎಲ್ಲ ಬದಲಾಯಿಸುವವರು ಬೆಲ್ಟನ್ನು ಮರೆಯುತ್ತಾರಂತೆ.

"ನೋಡ್ ಭಾವ, ಹಿಂದ್ ಸೀಟಲ್ಲಿ ಬೆಲ್ಟು! ವಿಮಾನ ಹತ್ತವ್ಳೆ ನಿನ್ ಮಗ್ಳು" ಎಂದು ಮಾವ ಕನ್ನಡಿಯಲ್ಲಿ ನಕ್ಕ.

ನಾನು ಎಳೆಯುತ್ತಲೇ ಇದ್ದೆ. ಮೊದಲು ಕಪ್ಪು ಪಟ್ಟಿ ಬಂತು, ಆಮೇಲೂ ಕಪ್ಪು. ಕೊನೆಯ ಮೊಳದಲ್ಲಿ ಅಡ್ಡಕ್ಕೊಂದು ಕಂದು ಗೆರೆ, ಅದರ ಕೆಳಗೆ ಪೂರಾ ಮಣ್ಣಿನ ಬಣ್ಣ. ಬೆರಳಲ್ಲಿ ಉಜ್ಜಿದರೆ ಸಣ್ಣ ಧೂಳು ಉದುರಿತು. ಒಣಗಿದ ಕೆಸರು.

ಅಷ್ಟರಲ್ಲಿ ಮಾವ ಎಸಿ ಹಾಕಿದ. ಮೊದಲು ಸೆಂಟು ಮುಖಕ್ಕೆ ರಾಚಿತು. ಅದರ ಬೆನ್ನಿಗೇ ಇನ್ನೊಂದು ಬಂತು, ತಣ್ಣಗೆ, ಕೆಳಗಿನಿಂದ. ಬೇಸಿಗೆಯಲ್ಲಿ ಕೆರೆ ಬತ್ತುವಾಗ ತಳದ ಗೋಡುಮಣ್ಣಿನಿಂದ ಏಳುತ್ತದಲ್ಲ, ಅದು. ಯಾವುದೋ ನೆರೆಯಲ್ಲಿ ಈ ಕಾರು ಸೀಟಿನ ಮಟ್ಟಕ್ಕೆ ನೀರಿನಲ್ಲಿ ನಿಂತಿತ್ತು. ಒಳಗಿನ ವೈರುಗಳೆಲ್ಲ ಆ ನೀರು ಕುಡಿದಿವೆ. ಇವತ್ತಲ್ಲದಿದ್ದರೆ ಮುಂದಿನ ತಿಂಗಳು, ಸಾವನದುರ್ಗದ ಕಾಡಿನ ಅಂಚಿನಲ್ಲಿ, ಇದು ನಿಲ್ಲುತ್ತದೆ. ನಾನೂ ನಿಲ್ಲುತ್ತೇನೆ.

ಹೇಳಬೇಕು ಅಂತ ಬಾಯಿ ತೆರೆದೆ. ಏನಂತ ಹೇಳುವುದು? ಆ ಪದ ಇಲ್ಲದೆ ಈ ಮಾತು ಶುರುವಾಗುವುದೇ ಇಲ್ಲ. ಮಾರುತ್ತಿರುವವನು ಮಾವನ ಗೆಳೆಯ. ಗಾಡಿ ಆರಿಸಿದವನು ಮಾವ. ಹುಳದ ಹಬೆಯಲ್ಲಿ ಮೂಗು ಬೆಂದುಹೋದ ಮೂವರಿಗೆ ಸೆಂಟಿನ ಹೊರತು ಏನೂ ತಿಳಿಯುತ್ತಿಲ್ಲ. "ಶುರುವಾಯ್ತಲ್ಲಪ್ಪ ಮೈಸೂರ್ ಮೂಗು" ಅನ್ನುತ್ತಾರೆ, ನಗುತ್ತಾರೆ, ಮುಗಿಯಿತು. ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿತು, ಆದರೆ ಕೈ ನನ್ನ ಮಾತು ಕೇಳಲಿಲ್ಲ. ದುಪಟ್ಟಾದ ಅಂಚು ಮೂಗಿನ ಮೇಲಿತ್ತು.

ಅಪ್ಪ ನೋಡಿಬಿಟ್ಟರು.

ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿ, ಮದುವೆಗೆ ಹಾಕುವ ಶರಟು ಹಾಕಿಕೊಂಡು ಬಂದಿದ್ದವರು. ನಿಧಾನಕ್ಕೆ ತೋಳನ್ನು ಮುಖದ ಹತ್ತಿರ ತಂದು ಮೂಸಿದರು. ಏನೂ ತಿಳಿಯದೆ ಇನ್ನೊಂದು ತೋಳು ಮೂಸಿದರು. ಆಮೇಲೆ ತಮ್ಮ ಕಡೆಯ ಬಾಗಿಲಿಗೆ ಅಂಟಿಕೊಂಡು ಕೂತು, "ಒಸಿ ಗಾಜ್ ಇಳ್ಸು ಸ್ವಾಮಿ" ಎಂದರು, ಮೆಲ್ಲಗೆ.

ಮುನಿಕೃಷ್ಣ ಈ ಸಲ ತಿರುಗಿ ನನ್ನ ದುಪಟ್ಟಾವನ್ನೂ ಅಪ್ಪನ ತೋಳನ್ನೂ ನೋಡಿದ. "ಅಯ್ಯೋ ಇರ್ಲಿ ಬುಡಿ ಯಜಮಾನ್ರೇ" ಎಂದ. "ರೇಷ್ಮೆ ಮನೆಯೋರು ಅಂದ್ಮ್ಯಾಲೆ ಇದ್ದದ್ದೇ ಅಲ್ವಾ? ಅನ್ನ ಕೊಡೋ ಕಸುಬು. ಗಾಡಿಗ್ ಹಿಡ್ಕಂಡದು ಅಂತ ನಾನೇನ್ ಬ್ಯಾಸ್ರ ಮಾಡ್ಕಳಕ್ಕಿಲ್ಲ."

ಮಾವ ನಕ್ಕ. ಅಮ್ಮ ಸೆರಗು ಸರಿಮಾಡಿಕೊಂಡಳು. ಅಪ್ಪನೂ ನಗಲು ನೋಡಿದರು. ಅವರ ಎರಡೂ ಕೈ ತೊಡೆಗಳ ನಡುವೆ ಅಡಗಿಕೊಂಡವು. ಬೆಲ್ಟಿನ ತುದಿ ಇನ್ನೂ ನನ್ನ ಮುಷ್ಟಿಯಲ್ಲಿತ್ತು.

ದೊಡ್ಡಮಳೂರಿನ ದೇವಸ್ಥಾನದ ಮುಂದೆ ಕಾರು ನಿಂತಿತು. ಹೊರಗಿನಿಂದ ಬಾಗಿಲು ತೆಗೆದಾಗ ಇಳಿದೆ. ಮಾವ ವೀಳ್ಯದೆಲೆ, ಅಡಿಕೆ, ಅದರ ಮೇಲೆ ಅಡ್ವಾನ್ಸಿನ ಕವರು ಇಟ್ಟು ನನ್ನ ಬೊಗಸೆಗೆ ಕೊಟ್ಟ.

"ನಿನ್ ಗಾಡಿ, ನಿನ್ ಕೈಯಿಂದ್ಲೇ ಕೊಡು. ಗೋಪುರ ನೋಡ್ಕಂಡು, ಹೂಂ."

ಮುನಿಕೃಷ್ಣ ಕೈ ಚಾಚಿದ. ಅವನ ಬೆರಳ ತುಂಬ ಉಂಗುರ.

"ಕೊಡೇ ಸುಮಿ" ಎಂದಳು ಅಮ್ಮ. "ಒಳ್ಳೇ ಟೇಮು."

ಅಪ್ಪನನ್ನು ಹುಡುಕಿದೆ. ಅವರು ನಮ್ಮ ಜೊತೆ ನಿಂತಿರಲಿಲ್ಲ. ದೂರದಲ್ಲಿ, ಕಾಲು ತೊಳೆಯುವ ನಲ್ಲಿಯ ಹತ್ತಿರ, ಮದುವೆಯ ಶರಟಿನ ತೋಳು ಮಡಚಿಕೊಂಡು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಸೋಪು ಇರಲಿಲ್ಲ.

ಎಲೆ, ಕವರು ಸಮೇತ ನಾನು ನಲ್ಲಿಯ ಕಡೆ ನಡೆದೆ. ಹಿಂದಿನಿಂದ ಮಾವ, "ಎಲ್ಗೋದ್ಳು ಇವ್ಳು?" ಅಂದದ್ದು ಕೇಳಿಸಿತು. ಅಪ್ಪ ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು, ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ನಾನು ಇನ್ನೂ ಹತ್ತಿರ ಹೋದೆ. ಆ ಕೈ ಹಿಡಿದು, ಮಾವನಿಗೂ ಮುನಿಕೃಷ್ಣನಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ:

"ಅಪ್ಪಾ, ಆ ವಾಸ್ನೆ ಕಾರಿಂದು. ನಿಮ್ದಲ್ಲ."