ಗಿರಿಜಾಂಬ ಮಿಸ್ಸಿನ ಚೀಟಿ ಡಬ್ಬ

ಸುಚಿತ್ರಾ ಇಪ್ಪತ್ತೆರಡು ಮಕ್ಕಳಿಗೂ ಒಂದೊಂದು ಬಿಲ್ವಪತ್ರೆ ಹಂಚಿ ಮುಗಿಸುವಷ್ಟರಲ್ಲಿ ಶಂಭುಲಿಂಗ ಗೇಟಿಗೆ ಅಡ್ಡ ಬಂದ. ಒಳಗೆ ಜಗುಲಿಯ ಮೇಲೆ, ತೀರಿಕೊಂಡ ಅವನ ಸೋದರತ್ತೆ ಗಿರಿಜಾಂಬರನ್ನು ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಮೂವತ್ತು ವರ್ಷ ಊರಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವರು. ಈಗ ಅಲ್ಲಿ ಸುಚಿತ್ರಾ ಟೀಚರ್.

"ಊರ್ ಮಕ್ಳು ಒಳಕ್ ಬರ್ಲಿ ಮೇಡಂ. ಕಾಲೋನಿ ಮಕ್ಳು ಇಲ್ಲಿಂದ್ಲೇ ಕೈ ಮುಗೀಲಿ. ಮಾಗಡಿಯಿಂದ ನೆಂಟ್ರು ಬಂದವ್ರೆ, ಒಸಿ ಅರ್ಥ ಮಾಡ್ಕಳಿ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ. ಮಕ್ಕಳು ಆಗಲೇ ಎರಡು ಗುಂಪಾಗತೊಡಗಿದ್ದರು. ಮಿಸ್ಸಿನ ಮೂವತ್ತು ವರ್ಷದ ಪಾಠವನ್ನು ಅವರ ಎದುರೇ ಅಳಿಸುತ್ತಿದ್ದಾರಲ್ಲ ಎಂದುಕೊಂಡಳು ಸುಚಿತ್ರಾ.

*

ಸುಚಿತ್ರಾಳೂ ಊರಾಚೆಯ ದಲಿತ ಕಾಲೋನಿಯವಳೇ. ಮೂರನೇ ಕ್ಲಾಸಿನಲ್ಲಿ ಕೂರುತ್ತಿದ್ದುದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ. ಒಂದು ದಿನ ಕೇಳಿಯೇಬಿಟ್ಟಳು: "ಮಿಸ್, ನಾನು ಬೇಗ ಬಂದ್ರೂವೆ ನಂಗ್ ಇದೇ ಜಾಗ ಯಾಕೆ?"

ಮಕ್ಕಳು ತಾವಾಗಿಯೇ ಹಾಗೆ ಕೂರುತ್ತಾರೆಂದು ನಂಬಿದ್ದ ಗಿರಿಜಾಂಬರಿಗೆ ನಾಚಿಕೆಯಾಯಿತು. ಮರುದಿನ ಬಿಸ್ಕತ್ತಿನ ಡಬ್ಬ ತಂದರು. ಚೀಟಿಗಳಲ್ಲಿ ಎಲ್ಲರ ಹೆಸರು, ತಮ್ಮದೂ ಸೇರಿ. ಮೊದಲು ಬಂದ ಹೆಸರಿಗೆ ಮುಂದಿನ ಜಾಗ, ಕೊನೆಯದಕ್ಕೆ ಬಾಗಿಲು. ತಮ್ಮ ಚೀಟಿ ಕೊನೆಗುಳಿದ ವಾರ ಚಪ್ಪಲಿಗಳ ಪಕ್ಕವೇ ಕೂತು ಮಗ್ಗಿ ಹೇಳಿಸಿದರು. ಊರು ಉರಿದುಬಿತ್ತು, ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಅವರ ಅಣ್ಣ ಗವಿಸಿದ್ದಯ್ಯ. ಮಿಸ್ಸು ಜಗ್ಗಲಿಲ್ಲ. ನಿವೃತ್ತಿಯಾದ ಮೇಲೂ ಪ್ರತಿ ಸೋಮವಾರ ಬಂದು ಚೀಟಿ ಎತ್ತುತ್ತಿದ್ದರು.

*

ಸುಚಿತ್ರಾ ಬ್ಯಾಗಿನಿಂದ ಅದೇ ಡಬ್ಬ ತೆಗೆದು, ಶಂಭುಲಿಂಗನನ್ನು ದಾಟಿ ಹೋಗಿ, ಜಗುಲಿಯಲ್ಲಿದ್ದ ಗವಿಸಿದ್ದಯ್ಯನವರ ಮುಂದೆ ಹಿಡಿದಳು.

"ಅಯ್ಯಾ, ನಮ್ ಸ್ಕೂಲಲ್ಲಿ ಸಾಲು ಮಾಡೋದು ಹಿಂಗೇಯ. ಮಿಸ್ ಮುಂದೆ ಬ್ಯಾರೆ ಥರ ಮಾಡಕ್ಕೆ ನನ್ ಕೈಲಾಗಲ್ಲ. ನೀವೇ ಎತ್ತಿ."

ಎಂಬತ್ತು ದಾಟಿದ ಮುದುಕರು ತಂಗಿಯ ಮುಖ ನೋಡಿದರು. ಆಮೇಲೆ ಡಬ್ಬಕ್ಕೆ ಕೈ ಹಾಕಿದರು.

ಬಂದದ್ದು ಭಾನುಪ್ರಿಯ, ಕಾಲೋನಿಯ ಹುಡುಗಿ. ಅವಳು ಶಂಭುಲಿಂಗನನ್ನು ನೋಡುತ್ತ ನಿಂತೇಬಿಟ್ಟಳು.

"ದಾರಿ ಬುಡ್ಲಾ ಶಂಭು," ಎಂದರು ಗವಿಸಿದ್ದಯ್ಯ. "ಬಾ ಕೂಸೆ, ನಿಮ್ ಮಿಸ್ ಕಾಯ್ತಾವ್ರೆ."

ನೆಂಟರಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಅವರನ್ನು ಯಾರೂ ಕರೆಯಲಿಲ್ಲ. ಒಂದೊಂದೇ ಹೆಸರು ಬಂತು, ಒಂದೊಂದೇ ಪತ್ರೆ ಗಿರಿಜಾಂಬರ ಪಾದ ಸೇರಿತು. ಕೊನೆಗೆ ತಳದಲ್ಲಿ ಒಂದು ಚೀಟಿ ಉಳಿಯಿತು. ಗವಿಸಿದ್ದಯ್ಯ ಬಿಡಿಸಿ ನೋಡಿದರು: ತಂಗಿಯ ಹೆಸರು. ಹಠಮಾರಿ ಹೆಂಗಸು, ಇವತ್ತೂ ಕೊನೆಗೇ ಉಳಿದಿದ್ದರು.

ಮುದುಕರು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆ ಹಿಡಿದುಕೊಂಡು ಜಗುಲಿ ಇಳಿದರು. ಗೇಟಿನವರೆಗೆ ನಡೆದು, ಮಕ್ಕಳು ಬಿಟ್ಟಿದ್ದ ಚಪ್ಪಲಿಗಳ ಪಕ್ಕದಲ್ಲಿ ನೆಲದ ಮೇಲೆ ಕೂತರು.