ಏಳು ವರ್ಷದ ಸಂಸಾರ, ಹದಿನೆಂಟು ತಿಂಗಳ ಸತ್ಯ

ಕಡಲತೀರದ ಪುಟ್ಟ ಊರು ಪಿಂಚರ್ಸ್ ಕೋವ್‌ನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಮನೆಯವರಿಗೆ ಎದೆ ಝಲ್ಲೆನ್ನುತ್ತದೆ. ಊರಿನವರು ಯಾರೂ ತಟ್ಟುವುದಿಲ್ಲ. ನೇರ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ತಟ್ಟುವವರೆಂದರೆ ಪೊಲೀಸರು, ಇಲ್ಲವೇ ಹೊಸ ಪಾದ್ರಿ. ಇಂಥ ಊರಿನಲ್ಲಿ ಯಾರು ಯಾರ ಜೊತೆ ಬಾಳುತ್ತಿದ್ದಾರೆ ಎನ್ನುವುದಕ್ಕೆ ಕಾಗದ ಬೇಕೆಂದು ಯಾರಿಗೆ ತಾನೇ ಹೊಳೆದೀತು?

ಡ್ರೂಸಿಲ್ಲಾ ಮುದುಕಿಗಂತೂ ಹೊಳೆದಿರಲಿಲ್ಲ. ಅವಳ ಮಗ ಹೆಡ್ಲಿ ಏಡಿ ಹಿಡಿಯುವ ದೋಣಿಯವನು, ನಲವತ್ತು ದಾಟಿದವನು, ಮಾತಾಡಿದರೆ ಮುತ್ತು ಉದುರೀತೇನೋ ಎಂಬಂತೆ ಇರುವವನು. ಫಿಲಿಪೈನ್ಸ್‌ನಿಂದ ಏಡಿ ಫ್ಯಾಕ್ಟರಿ ಕೆಲಸಕ್ಕೆ ಬಂದ ಲಿಗಾಯಾ ಅವನ ಜೊತೆ ಈ ಮನೆಯಲ್ಲೇ ಸಂಸಾರ ಹೂಡಿದ್ದಳು. ಮದುವೆ ಇನ್ನೂ ಆಗಿರಲಿಲ್ಲ. ಮಗಳ ಮದುವೆ ತನ್ನೂರಿನ ಚರ್ಚಿನಲ್ಲೇ ಆಗಬೇಕೆಂದು ಲಿಗಾಯಾಳ ತಾಯಿಯ ಹಟ. ಆಳೆತ್ತರದ ಅಲೆಗೆ ಹೆದರದ ಹೆಡ್ಲಿಗೆ ವಿಮಾನವೆಂದರೆ ಜೀವಭಯ. ಹೀಗಾಗಿ ಮಾತು ಅಲ್ಲಿಗೇ ನಿಂತಿತ್ತು.

ಆದರೆ ಲಿಗಾಯಾಳ ಕೆಲಸದ ಪರವಾನಗಿಯ ಅವಧಿ ಹಾಗೆ ನಿಂತೀತೇ? ಅದು ಅಕ್ಟೋಬರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಅರ್ಜಿ ಹೋಗದಿದ್ದರೆ ಅವಳು ದೇಶ ಬಿಡಬೇಕು.

ಆಗಸ್ಟಿನ ಒಂದು ಮಧ್ಯಾಹ್ನ ಪೋಸ್ಟಾಫೀಸಿನ ಯೂನಿಸ್ ಬಂದು ಕುರ್ಚಿ ಎಳೆದುಕೊಂಡಳು. ಜಮೈಕಾದ ತನ್ನ ಗಂಡನಿಗೆ ತಾನೇ ಅರ್ಜಿ ಹಾಕಿ, ಖಾಯಂ ನಿವಾಸ ಕೊಡಿಸಿದವಳು ಅವಳು.

"ಮದುವೆ ಆಗ್ದಿದ್ರೂ ಪರವಾಗಿಲ್ಲ," ಎಂದಳು ಯೂನಿಸ್. "ಒಂದು ವರ್ಷ ಬಿಡದೆ ಒಂದೇ ಮನೇಲಿ ಸಂಸಾರ ಮಾಡಿದ್ರೆ ಸಾಕು, ಹೆಡ್ಲಿ ಅವಳಿಗೆ ಅರ್ಜಿ ಹಾಕ್ಬಹುದು. ಆದ್ರೆ ಅದಕ್ಕೆ ರುಜುವಾತು ಬೇಕು."

"ರುಜುವಾತು ಯಾಕೆ? ನಾನಿಲ್ವಾ?" ಎಂದಳು ಡ್ರೂಸಿಲ್ಲಾ. "ಕಣ್ಣಾರೆ ಕಂಡೋಳು ಕೂತಿದೀನಿ."

"ನೀವು ಕಂಡಿದ್ದು ಆಫೀಸಿಗೆ ಹೇಗೆ ಗೊತ್ತಾಗ್ಬೇಕು, ಡ್ರೂಸಿ ಚಿಕ್ಕಮ್ಮ? ಕರೆಂಟ್ ಬಿಲ್ ಯಾರ ಹೆಸರಲ್ಲಿದೆ?"

"ಅಪ್ಪನ ಹೆಸರಲ್ಲಿ," ಎಂದ ಹೆಡ್ಲಿ.

"ಫೋನು?"

"ಅಪ್ಪಂದೇ."

"ಅಂಚೆ ಪೆಟ್ಟಿಗೆ ನಿಮ್ಮಪ್ಪಂದೇ ಅಂತ ನನಗೇ ಗೊತ್ತು. ಅವರು ತೀರ್ಕೊಂಡು ಹನ್ನೊಂದು ವರ್ಷ ಆಯ್ತು. ಕಾಗದದ ಪ್ರಕಾರ ಈ ಮನೇಲಿ ವಾಸ ಇರೋರು ಅವರೊಬ್ರೇ."

ಲಿಗಾಯಾ ನಗು ತಡೆಯಲು ಚಹಾ ಲೋಟದೊಳಗೆ ಮುಖ ಇಟ್ಟಳು. "ಪಾಪ, ಬಿಲ್ಲೆಲ್ಲ ಸರಿಯಾಗಿ ಕಟ್ತಿದಾರೆ," ಎಂದಳು.

ಪರಿಚಯದವರ ಪತ್ರಗಳಿದ್ದರೂ ಒಳ್ಳೆಯದು ಎಂದು ಹೇಳಿ ಯೂನಿಸ್ ಎದ್ದಳು. ಆ ಒಂದು ಮಾತು ಡ್ರೂಸಿಲ್ಲಾಳಿಗೆ ಸಾಕಾಯಿತು. ವಾರದೊಳಗೆ ಊರೆಲ್ಲ ಸುತ್ತಿ ಹದಿನಾಲ್ಕು ಪತ್ರ ಬರೆಸಿ ತಂದಳು. ಕೊಟ್ಟವರೆಲ್ಲ ಧಾರಾಳಿಗಳು. ಪತ್ರ ಬರೆಯುವುದರಲ್ಲೂ ಜಿಪುಣತನ ತೋರಲಿಲ್ಲ.

ಯೂನಿಸ್ ಒಂದೊಂದೇ ಓದುತ್ತಾ ಹೋದಳು. ಓದುತ್ತಾ ಅವಳ ಹುಬ್ಬು ಮೇಲೇರುತ್ತಾ ಹೋಯಿತು.

"ಆಂಬ್ರೋಸ್ ಮಾವ ಇವರ ಮದುವೆಗೆ ಹೋಗಿದ್ರಂತೆ. ಕೇಕು ಸ್ವಲ್ಪ ಒಣಗಿತ್ತಂತೆ."

"ನಡೆದಿದ್ರೆ ಖಂಡಿತ ಬರ್ತಿದ್ದ," ಎಂದಳು ಡ್ರೂಸಿಲ್ಲಾ.

"ಸೆಲೀನಾ ಬರೆದಿದಾಳೆ, ಇವರಿಬ್ರೂ ಶಾಲೇಲಿ ಒಂದೇ ಬೆಂಚಂತೆ."

"ಅವಳಿಗೆ ಹೆಡ್ಲಿ ಮೇಲೆ ಪ್ರೀತಿ ಜಾಸ್ತಿ."

"ಇದು ಯಾರದು, 'ಏಳು ವರ್ಷದಿಂದ ಗಂಡ ಹೆಂಡತಿಯಂತೆ ಬಾಳುತ್ತಿದ್ದಾರೆ'? ಸಹಿ, ಡ್ರೂಸಿಲ್ಲಾ ಪಿನ್."

ಡ್ರೂಸಿಲ್ಲಾ ಎದ್ದು ಒಲೆಯ ಮೇಲಿನ ಕೆಟಲು ಇಳಿಸಿದಳು.

"ಒಂದೂವರೆ ವರ್ಷ ಅಂದ್ರೆ ಕಮ್ಮಿ ಅನ್ನಿಸ್ತು ಕಣೇ," ಎಂದಳು ಮುದುಕಿ. "ಒಳ್ಳೇದಕ್ಕೆ ಹೇಳಿದ್ದು. ಒಂದು ಮಾತು ಹೆಚ್ಚಾದ್ರೆ ಯಾರಿಗೇನು ನಷ್ಟ?"

"ಲಿಗಾಯಾಗೆ ನಷ್ಟ," ಎಂದಳು ಯೂನಿಸ್. "ಏಳು ವರ್ಷದ ಹಿಂದೆ ಅವಳು ಈ ದೇಶಾನೇ ನೋಡಿರ್ಲಿಲ್ಲ. ಯಾವತ್ತು ಬಂದ್ಲು ಅಂತ ಪಾಸ್‌ಪೋರ್ಟಲ್ಲಿ ಮುದ್ರೆ ಇದೆ. ಆಫೀಸರಿಗೆ ಓದೋಕೆ ಬರುತ್ತೆ, ಚಿಕ್ಕಮ್ಮ. ಒಂದು ಸುಳ್ಳು ಸಿಕ್ಕಿದ್ರೆ ಉಳಿದ ಪತ್ರಗಳಲ್ಲಿರೋ ಸತ್ಯಾನೂ ಅವರು ನಂಬಲ್ಲ. ಸುಳ್ಳು ದಾಖಲೆ ಕೊಟ್ರು ಅಂತ ತೀರ್ಮಾನ ಆದ್ರೆ ಐದು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ."

ಡ್ರೂಸಿಲ್ಲಾ ಸೊಸೆಯ ಕಡೆ ನೋಡಿದಳು. ಲಿಗಾಯಾ ಈಗ ನಗುತ್ತಿರಲಿಲ್ಲ. ಮುದುಕಿ ಪತ್ರಗಳ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡು, ತನ್ನದನ್ನು ಎತ್ತಿ ಎರಡು ತುಂಡು ಮಾಡಿದಳು. ಆಂಬ್ರೋಸನದನ್ನೂ ಸೆಲೀನಾಳದನ್ನೂ ನಾಲ್ಕು ತುಂಡು ಮಾಡಿದಳು.

"ಸರಿ. ಈಗ ನಿಜ ಹೇಳಿ," ಎಂದಳು ಯೂನಿಸ್. "ಅವಳು ಈ ಮನೆಗೆ ಬಂದಿದ್ದು ಯಾವತ್ತು?"

ಹೆಡ್ಲಿ ಬಹಳ ಹೊತ್ತು ಯೋಚಿಸಿದ. "ಹಿಮ ಬಿದ್ದಿತ್ತು."

"ಇಲ್ಲಿ ಆರು ತಿಂಗಳು ಹಿಮವೇ ಬಿದ್ದಿರುತ್ತೆ ಕಣೋ."

"ಫೆಬ್ರವರಿ ಇರ್ಬೇಕು," ಎಂದಳು ಲಿಗಾಯಾ. "ತಾರೀಖು ನೆನಪಿಲ್ಲ."

"ಒಂಬತ್ತು," ಎಂದಳು ಡ್ರೂಸಿಲ್ಲಾ. ಅಂದುಬಿಟ್ಟು, ಯಾಕಾದರೂ ಅಂದೆನೋ ಎನ್ನುವಂತೆ ಬಾಯಿ ಮುಚ್ಚಿಕೊಂಡಳು.

"ನಿಮಗೆ ಹೇಗೆ ಗೊತ್ತು?"

ಗೊತ್ತಿದ್ದದ್ದು ಹೀಗೆ. ಆ ಕರಾವಳಿಯ ಹೆಂಗಸರಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಗಾಳಿ, ಹವೆ ಬರೆದಿಡುವ ರೂಢಿ. ಡ್ರೂಸಿಲ್ಲಾ ಗಾಳಿಯ ಜೊತೆ ಮನಸ್ಸಿಗೆ ಬಂದದ್ದನ್ನೂ ಬರೆಯುತ್ತಿದ್ದಳು. ಹೋದ ವರ್ಷದ್ದು ಮೊಳೆಯಲ್ಲಿ ಈ ವರ್ಷದ್ದರ ಹಿಂದೆಯೇ ನೇತಾಡುತ್ತಿತ್ತು. ಯೂನಿಸ್ ಕೈ ಚಾಚಿದಾಗ ಮುದುಕಿ ಅಡ್ಡ ನಿಂತಳು.

"ಅದರಲ್ಲಿ ಮನೆ ವಿಷಯ ಇದೆ."

"ನಮಗೆ ಬೇಕಾಗಿರೋದೂ ಮನೆ ವಿಷಯವೇ, ಚಿಕ್ಕಮ್ಮ."

ಕೊನೆಗೆ ಯೂನಿಸ್ ಗಟ್ಟಿಯಾಗಿ ಓದಿದಳು. ಡ್ರೂಸಿಲ್ಲಾ ಕಿಟಕಿಯಾಚೆ ಕಡಲು ನೋಡುತ್ತಾ ಕೂತಳು.

"ಫೆಬ್ರವರಿ ಒಂಬತ್ತು. ಈಶಾನ್ಯ ಗಾಳಿ. ಆ ಹುಡುಗಿ ಎರಡು ಪೆಟ್ಟಿಗೆ ಹಿಡಿದು ಬಂದಳು. ಹೋಗುವ ಹಾಗೆ ಕಾಣುವುದಿಲ್ಲ. ಫೆಬ್ರವರಿ ಹತ್ತು. ಹಿಮ. ಬೆಳಗಿನ ತಿಂಡಿಗೂ ಅನ್ನ. ಮಾರ್ಚ್ ಎರಡು. ಮತ್ತೆ ಅನ್ನ. ನನ್ನ ಉಪ್ಪುಮೀನಿಗೆ ವಿನೆಗರ್ ಸುರಿದಳು. ಹೆಡ್ಲಿ ಎರಡನೇ ಸಲ ಬಡಿಸಿಕೊಂಡ, ನಾಚಿಕೆಗೇಡಿ. ಜೂನ್ ಆರು. ಮಂಜು. ಇಡೀ ದಿನ ಹಾಡುತ್ತಾಳೆ. ತಲೆನೋವು."

"ಅತ್ತೆ, ತಲೆನೋವು ಅಂತ ಆವತ್ತೇ ಹೇಳ್ಬಾರ್ದಿತ್ತಾ?" ಎಂದಳು ಲಿಗಾಯಾ. "ಇನ್ನೂ ಜೋರಾಗಿ ಹಾಡ್ತಿದ್ದೆ."

ಯೂನಿಸ್ ಹಾಳೆ ಮಗುಚಿದಳು. "ನವೆಂಬರ್ ಮೂರು. ಮಂಡಿ ನೋವು. ಲಿಗಾಯಾ ಎಣ್ಣೆ ತಿಕ್ಕಿದಳು." ಆಮೇಲೆ ಈ ವರ್ಷದ ಕ್ಯಾಲೆಂಡರ್ ತೆಗೆದಳು. "ಜನವರಿ ಹದಿನೆಂಟು. ಬಿರುಗಾಳಿ. ಲಿಗಾಯಾ ಹಲ್ಲು ತೋರಿಸಲು ಪಟ್ಟಣಕ್ಕೆ ಹೋದವಳು ರಸ್ತೆ ಮುಚ್ಚಿ ಅಲ್ಲೇ ಉಳಿದಿದ್ದಾಳೆ. ಮನೆ ಬಿಕೋ ಎನ್ನುತ್ತಿದೆ. ಏಪ್ರಿಲ್ ನಾಲ್ಕು. ಬಿಸಿಲು. ಅಕ್ಕಿ ಮುಗಿದಿದೆ, ತರಬೇಕು."

ಹೆಡ್ಲಿ ಎದ್ದು ಹೋಗಿ ಬೇಡದ ಒಲೆಗೆ ಸೌದೆ ಹಾಕಿದ.

"ಇದು ಒಂದೇ ಸಾಲದು," ಎಂದಳು ಯೂನಿಸ್, "ಆದ್ರೆ ಇದನ್ನೂ ಇಡೋಣ. ಲಿಗಾಯಾ, ನಿಮ್ಮಮ್ಮನಿಗೆ ಸಾಮಾನಿನ ಡಬ್ಬ ಕಳಿಸ್ತೀಯಲ್ಲ, ಆ ರಸೀದಿ?"

ಲಿಗಾಯಾ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು. ಎರಡು ತಿಂಗಳಿಗೊಂದು ರಸೀದಿ, ಒಂದೊಂದರಲ್ಲೂ ತಾರೀಖು, ಕಳಿಸಿದವರ ಜಾಗದಲ್ಲಿ ಈ ಮನೆಯ ವಿಳಾಸ. ಹುಡುಕಿದಂತೆಲ್ಲ ಇನ್ನೂ ಸಿಕ್ಕವು: ಅವಳ ಡ್ರೈವಿಂಗ್ ಲೈಸೆನ್ಸ್, ಆಸ್ಪತ್ರೆಯ ಕಾರ್ಡು, ಇಬ್ಬರ ಹೆಸರೂ ಇದ್ದ ಟ್ರಕ್ಕಿನ ವಿಮೆ.

ಅರ್ಜಿಯಲ್ಲಿ ಹೆಡ್ಲಿ ಒಂದು ಮಾತು ಕೊಟ್ಟು ಸಹಿ ಹಾಕಬೇಕಿತ್ತು: ಲಿಗಾಯಾಳಿಗೆ ಖಾಯಂ ನಿವಾಸ ಸಿಕ್ಕ ಮೇಲೆ ಮೂರು ವರ್ಷ ಅವಳ ಊಟ, ಬಟ್ಟೆ, ವಸತಿಯ ಹೊಣೆ ತನ್ನದೆಂದು. ನಡುವೆ ಇಬ್ಬರೂ ಬೇರೆಯಾದರೂ ಆ ಹೊಣೆ ತಪ್ಪುವುದಿಲ್ಲ ಎಂದು ಯೂನಿಸ್ ಒತ್ತಿ ಹೇಳಿದಳು. ಹೆಡ್ಲಿ ತಲೆಯಾಡಿಸಿ ಸಹಿ ಹಾಕಿದ.

"ಮೂರೇ ವರ್ಷವಾ?" ಎಂದಳು ಡ್ರೂಸಿಲ್ಲಾ. "ನಿಮ್ಮಪ್ಪನ್ನ ನಲವತ್ತು ವರ್ಷ ನೋಡ್ಕೊಂಡೆ. ನನ್ನ ಸಹಿ ಯಾರೂ ಕೇಳ್ಲಿಲ್ಲ."

ಆಮೇಲೆ ಹೊಸ ಹಾಳೆ ತೆಗೆದುಕೊಂಡು ತನ್ನ ಪತ್ರವನ್ನು ಮತ್ತೆ ಬರೆದಳು. "ಹದಿನೆಂಟು ತಿಂಗಳಿಂದ ಒಟ್ಟಿಗಿದ್ದಾರೆ. ಮೊದಲ ಒಂಬತ್ತು ತಿಂಗಳು ನನಗೆ ಅವಳು ಬೇಡವಾಗಿದ್ದಳು. ಈಗ ಬೇಕು. ಅವಳನ್ನು ಕಳಿಸಿದರೆ ನಾನೇ ನಿಮ್ಮ ಆಫೀಸಿಗೆ ಬರುತ್ತೇನೆ." ಕೊನೆಯ ವಾಕ್ಯ ಬೆದರಿಕೆಯಂತಿದೆ ಎಂದು ಯೂನಿಸ್ ತೆಗೆಸಿದಳು. ಉಳಿದದ್ದರಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ.

ಸೆಪ್ಟೆಂಬರಿನ ಮೊದಲ ವಾರವೇ ಅರ್ಜಿ ಹೋಯಿತು. ಅದರ ಬೆನ್ನಿಗೇ ಕೆಲಸದ ಪರವಾನಗಿಗೂ ಅರ್ಜಿ ಹೋಯಿತು. ಹಾಗಾಗಿ ಅಕ್ಟೋಬರಿನಲ್ಲಿ ಲಿಗಾಯಾ ಎಲ್ಲಿಗೂ ಹೋಗಬೇಕಾಗಲಿಲ್ಲ. ಮುಂದಿನ ವರ್ಷ ಏಡಿ ಕಾಲ ಮುಗಿಯುವಷ್ಟರಲ್ಲಿ ಖಾಯಂ ನಿವಾಸದ ಪತ್ರ ಬಂತು. ಡ್ರೂಸಿಲ್ಲಾ ಅದನ್ನು ಎರಡು ಸಲ ಓದಿಸಿಕೊಂಡು, "ಏಳು ವರ್ಷ ಅಂದಿದ್ರೂ ಕೊಡ್ತಿದ್ರೇನೋ," ಎಂದಳು. ಮನೆಯವರೆಲ್ಲ ಒಟ್ಟಿಗೆ ತಿರುಗಿ ನೋಡಿದಾಗ, "ಸುಮ್ನೆ ಅಂದೆ," ಎಂದಳು.

ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಸಂಸಾರ ಊರಿಗೆಲ್ಲ ಗೊತ್ತಿರಬಹುದು, ಆಫೀಸಿಗೆ ಗೊತ್ತಿರುವುದಿಲ್ಲ. ಗಂಡನಿಗೋ ಹೆಂಡತಿಗೋ ಜೊತೆಗಾರರಿಗೋ ಅರ್ಜಿ ಹಾಕುವ ಮುನ್ನ ನಿಯಮಗಳನ್ನು ಸರ್ಕಾರದ ಜಾಲತಾಣದಲ್ಲೇ ನೋಡಿ, ಅವು ಬದಲಾಗುತ್ತಿರುತ್ತವೆ. ಸಹಾಯ ಬೇಕಾದರೆ ಪರವಾನಗಿ ಇರುವ ವಕೀಲರನ್ನೋ ಸಲಹೆಗಾರರನ್ನೋ ಕೇಳಿ. ಈಗಿನ ಕೆಲಸದ ಪರವಾನಗಿಯ ಕೊನೆಯ ದಿನದವರೆಗೆ ಕಾಯಬೇಡಿ. ಪ್ರೀತಿಯಿಂದ ಸುಳ್ಳು ಬರೆದುಕೊಡಲು ಬರುವ ನೆಂಟರಿಗೆ ಚಹಾ ಕೊಟ್ಟು ಕಳಿಸಿ. ಇವತ್ತೇ ಒಂದು ಲಕೋಟೆ ತೆಗೆದಿಟ್ಟು, ನಿಮ್ಮಿಬ್ಬರ ಹೆಸರಿರುವ ಮೊದಲ ಚೀಟಿಯನ್ನು ಅದರಲ್ಲಿ ಹಾಕಿ.