ಪಾಳಣಾಘರದಲ್ಲಿ ಮರೆಮ್ಮನ ಹೊಗೆ

"ಒಳಗೆ ಕೆಂಡ ತರ್ಬೇಡಿ ಅಂತ ಎಷ್ಟು ಸಲ ಹೇಳುದು? ತಲೆಯಲ್ಲಿ ಏನಾದ್ರೂ ಉಂಟಾ ನಿಮ್ಗೆ?" ಮೋಹಿನಿ ಟೀಚರ್ ಕಿವಿ ಮುಚ್ಚಿಕೊಂಡೇ ಬೈದರು. ತಲೆಯ ಮೇಲೆ ಸೈರನ್ ಒದರುತ್ತಿತ್ತು.

"ಎಣ್ಣಿ ಹಚ್ಚಿ ಎರೆದ ಕೂಸಿಗೆ ಹೊಗಿ ಹಾಕಬ್ಯಾಡ ಅಂತಿ, ನೀ ಎಂಥಾ ಟೀಚರ? ಮೂರು ಮಕ್ಕಳನ್ನ ಹೊಗಿಯಾಗ ಬೆಳೆಸೀನಿ. ಒಂದಕ್ಕರ ಕೆಮ್ಮು ಬಂದಿಲ್ಲ."

ಲೋಬಾನ ಉದುರಿಸಿದ ಕೆಂಡದ ಹಂಚು ಹಿಡಿದು ನಿಂತವಳು ಮರೆಮ್ಮ, ನಮ್ಮವ್ವ. ಆ ಮೂವರಲ್ಲಿ ಒಬ್ಬನಾದ ನನಗೆ ಆಗಲೇ ಕೆಮ್ಮು ಬಂತು.

ಡೊಂಬಿವಲಿಯಲ್ಲಿ ನಾವು ಕಟ್ಟುತ್ತಿದ್ದ ಟವರಿನ ಕೆಳಕೋಣೆ ಅದು. ಕೂಲಿಯವರ ಮಕ್ಕಳಿಗೆಂದು ಬಿಲ್ಡರ್ ಪಾಳಣಾಘರ ತೆರೆದಿದ್ದ. ರಾಯಚೂರು ಕಡೆಯ ನಮ್ಮೂರಲ್ಲಿ ಕೈಗೂಸನ್ನು ಇಡೀ ದಿನ ನೋಡಿಕೊಳ್ಳುವ ಜಾಗವೇ ಇಲ್ಲ. ಇಲ್ಲಿ ಹಾಲು, ಫ್ಯಾನು, ಟೀಚರು, ಹೊಗೆ ಕಂಡರೆ ಒದರುವ ಯಂತ್ರ, ಎಲ್ಲಾ ಇತ್ತು. ಫ್ಲ್ಯಾಟು ನೋಡಲು ಬಂದವರು ಬೆಂಕಿ ಬಿತ್ತೆಂದು ಗೇಟಿಗೆ ಓಡಿದ್ದರು.

ಇಂಜಿನಿಯರ್ ಜಯೇಶ್ ಬಂದು ಸೈರನ್ ನಿಲ್ಲಿಸಿದ. "ಫಿರ್ ಸೆ ಬಜಾ, ತೋ ಪಾಳಣಾಘರ್ ಬಂದ್," ಎಂದು ಹೋದ.

ನನ್ನ ಹೆಂಡತಿ ಬಾಲಮ್ಮನ ಮುಖ ಬಾಡಿತು. "ಅತ್ತಿ, ನಿನ್ನ ಕಾಲು ಬೀಳ್ತೀನಿ, ಹೊಗಿ ಬಿಡು. ಇದು ಮುಚ್ಚಿದ್ರ ಕೂಸಿನ್ನ ಮತ್ತ ಮಿಕ್ಸರ್ ಹತ್ರ ಕಟ್ಟಬೇಕಾಗ್ತದ. ಅವತ್ತು ಬಾಯಿತುಂಬ ಸಿಮೆಂಟ್ ತುಂಬ್ಕೊಂಡಿತ್ತು."

"ಹೊಗಿ ಇಲ್ಲದ ಅದು ಮಲಗಂಗಿಲ್ಲ. ಮಲಗಿಸಿ ತೋರಸ್ರಿ ನೋಡಾಮು."

ನನ್ನ ಸಿಟ್ಟು ಸೈಟಿಗೆಲ್ಲ ಗೊತ್ತು. ಅವತ್ತು ಯಾರ ಮೇಲೆ ತೋರಿಸಬೇಕೋ ತಿಳಿಯದೆ ಗೋಡೆಗೊರಗಿಸಿದ್ದ ಚಾಪೆಯನ್ನು ಒದ್ದೆ.

ಟೀಚರ್ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಅದು ಅವರ ಕೊರಳಿನ ಐಡಿ ಕಾರ್ಡು ಚೀಪಿತು, ಆಕಳಿಸಿತು, ಗೊರಕೆ ಹೊಡೆಯಿತು.

ಅವ್ವ ಬಗ್ಗಿ ನೋಡಿದಳು. "ನಾಟಕ ಮಾಡಾಕತ್ತದ," ಎಂದಳು.

ಅವ್ವ ಹಂಚು ಎತ್ತಿಕೊಂಡು ಹೊರಟಳು.

"ಹೋಗಲಿ ಬಿಡು, ಚಹಾದ ಹೊತ್ತಿಗೆ ಬರ್ತಾಳ," ಎಂದು ಬಾಲಮ್ಮನಿಗೆ ಹೇಳಿ ಬಾಗಿಲಿಗೆ ಬಂದೆ.

ಗೇಟಿನಲ್ಲಿ ಕೋಪರಿಯಲ್ಲಿ ಹೋಟೆಲು ನಡೆಸುವ ಕರಾವಳಿ ಕಡೆಯವರ ಸೊಸೆ ಸೋನಾಲಿ, ಅಳುವ ಎಳೆಮಗುವನ್ನು ಹೊತ್ತು ಕಾರಿನ ಬಳಿ ನಿಂತಿದ್ದಳು. ಫ್ಲ್ಯಾಟು ನೋಡಲು ಬಂದವಳು. ಲೋಬಾನದ ವಾಸನೆಗೆ ಅವಳ ಮೂಗು ಅರಳಿತು.

"ಅಜ್ಜಿ, ಮಗುವನ್ನು ಮೀಯಿಸ್ಲಿಕ್ಕೆ ಜನ ಸಿಗುದೇ ಇಲ್ಲ ಮಾರಾಯ್ರೆ. ನಮ್ಮಲ್ಲಿಗೆ ಬರ್ತೀರಾ?"

ಅವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮ್ಮನಿ ಮಾಳಿಗಿ ಒದರ್ತದೇನವ್ವ?"

"ಇಲ್ಲಪ್ಪ."

ಅವ್ವ ಕೆಂಡ ಮರಳಿನಲ್ಲಿ ಚೆಲ್ಲಿದಳು. ಒಳಗಿನಿಂದ ಕೂಸಿನ ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಹಂಚನ್ನು ಸೆರಗಿನಿಂದ ಹಿಡಿದುಕೊಂಡು ಕಾರು ಹತ್ತಿದಳು.

ಚಹಾ ಆರಿತು. ಅವ್ವ ಬರಲೇ ಇಲ್ಲ.